ಸರ್ಪಕ್ಕೆ ದಾರಿ ಬಿಡಿ

ನಮ್ಮ ಭಾವ ಕೈ ಹಾಕಿದ ಯಾವ ಕೆಲಸವೂ ಇದುವರೆಗೆ ಕೆಟ್ಟಿರಲಿಲ್ಲ. ಕೆಡಬೇಕಾದರೆ ಅದು ಮೊದಲು ಮುಗಿಯಬೇಕಲ್ಲ. ಅವರ ಮನೆ ಗೇಟಿನ ಎಡಭಾಗ ಹಸಿರು, ಬಲಭಾಗ ತುಕ್ಕಿನ ಬಣ್ಣ. ಈಜು ಕಲಿಯಲು ಹೋಗಿ ಮುಳುಗುವವರೆಗೆ ಕಲಿತರು. ತೇಲುವುದು ಮುಂದಿನ ವಾರ ಎನ್ನುವಷ್ಟರಲ್ಲಿ ಮೀನು ಸಾಕುವ ಮನಸ್ಸಾಯಿತು. ಗಾಜಿನ ತೊಟ್ಟಿ ಬಂತು, ಅದಕ್ಕೆ ಬಣ್ಣಬಣ್ಣದ ಕಲ್ಲು ಬಂತು, ಮೀನು ಮಾತ್ರ ಬರಲಿಲ್ಲ. ಈಗ ಅಕ್ಕ ಅದರಲ್ಲಿ ಈರುಳ್ಳಿ ಹಾಕಿಡುತ್ತಾಳೆ.

ನಾನು ಆ ಅಕ್ಕನ ತಮ್ಮ. ಅವರ ಮನೆಯ ಮಹಡಿಯಲ್ಲೇ ಇರುವುದು. ಹಾಗಾಗಿ ಭಾವನವರ ಎಲ್ಲ ಆರಂಭಗಳಿಗೂ ನಾನು ಸಾಕ್ಷಿ.

ಒಂದು ಬೆಳಿಗ್ಗೆ ಭಾವ ಗಡ್ಡ ಹೆರೆದುಕೊಳ್ಳುತ್ತಿದ್ದವರು ಅರ್ಧ ಮುಖದ ನೊರೆ ಹಾಗೇ ಇಟ್ಟುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ಕೇಳೇ, ನಾನೊಂದು ಕಾದಂಬರಿ ಬರೀತೀನಿ. ರಾಜ, ಮಂತ್ರವಾದಿ, ರೆಕ್ಕೆ ಇರೋ ಸರ್ಪ, ಎಲ್ಲಾ ಇರುತ್ತೆ."

"ಮೊದಲು ಗಡ್ಡ ಮುಗಿಸಿ," ಎಂದಳು ಅಕ್ಕ.

ಭಾವ ನಗಲಿಲ್ಲ. "ನನಗೂ ವಯಸ್ಸಾಗ್ತಾ ಬಂತು. ಇದೊಂದನ್ನಾದ್ರೂ ಮುಗಿಸದೆ ಹೋದ್ರೆ, ನಾಳೆ ನನ್ನ ಬಗ್ಗೆ ಹೇಳೋಕೆ ಯಾರಿಗೂ ಒಂದು ಪೂರ್ತಿ ವಾಕ್ಯ ಸಿಗಲ್ಲ ಕಣೇ."

ಅಕ್ಕನ ಕೈಯಲ್ಲಿದ್ದ ಸೌಟು ನಿಂತಿತು. ಅವಳು ಭಾವನವರನ್ನು ಎಷ್ಟು ಬೈಯುತ್ತಾಳೋ ಅಷ್ಟೇ ಪ್ರೀತಿಸುತ್ತಾಳೆ, ಎರಡಕ್ಕೂ ಒಂದೇ ದನಿ ಬಳಸುವುದರಿಂದ ಹೊರಗಿನವರಿಗೆ ಗೊತ್ತಾಗುವುದಿಲ್ಲ. "ಸರಿ, ಬರೀರಿ. ಮುಗಿಸಿ," ಎಂದಳು. ಭಾವ ನಮ್ಮಿಬ್ಬರಿಂದಲೂ ಆಣೆ ಮಾಡಿಸಿಕೊಂಡರು. ಮುಗಿಯುವವರೆಗೂ ವಿಷಯ ಮನೆಯ ಹೊಸಿಲು ದಾಟಬಾರದು. ಮೀನಿನ ತೊಟ್ಟಿಯ ಕಥೆ ಬೀದಿಗೆಲ್ಲ ಗೊತ್ತಿತ್ತು, ಇನ್ನೊಂದು ಸಲ ನಗೆಪಾಟಲಾಗಲು ಅವರಿಗೆ ಇಷ್ಟವಿರಲಿಲ್ಲ.

ಇಲ್ಲಿ ಭಾವನವರ ಉದ್ಯೋಗ ಹೇಳದಿದ್ದರೆ ಮುಂದಿನ ಅನಾಹುತ ಯಾರಿಗೂ ಅರ್ಥವಾಗುವುದಿಲ್ಲ. ಅವರು ನಗರದ ರಸ್ತೆ, ಕಟ್ಟಡಗಳ ಯೋಜನೆ ಮಾಡುವ ಕಚೇರಿಯಲ್ಲಿ ನಕ್ಷೆ ಬರೆಯುವವರು. ಕನಸಿನಲ್ಲೂ ಉತ್ತರ ದಿಕ್ಕು ಯಾವ ಕಡೆ ಎಂದು ಗುರುತು ಹಾಕಿಕೊಳ್ಳುವ ಮನುಷ್ಯ. ಬೇರೆಯವರು ಕಾದಂಬರಿಯನ್ನು 'ಒಂದಾನೊಂದು ಕಾಲದಲ್ಲಿ' ಎಂದು ಶುರು ಮಾಡಿದರೆ, ಇವರು ಅಳತೆಪಟ್ಟಿ ಹಿಡಿದು ಶುರು ಮಾಡಿದರು.

"ಸರ್ಪ ಎಷ್ಟು ಉದ್ದ, ಬೀದಿ ಎಷ್ಟು ಅಗಲ, ಮೂಲೆಯಲ್ಲಿ ಅದು ತಿರುಗುತ್ತೋ ಸಿಕ್ಕಿಹಾಕ್ಕೊಳ್ಳುತ್ತೋ, ಇದೆಲ್ಲ ನೋಡದೆ ಹೇಗಪ್ಪಾ ಬರೆಯೋದು?" ಎಂದು ನನ್ನನ್ನೇ ಕೇಳಿದರು.

ಇಲ್ಲದ ಊರನ್ನು ಅಳೆಯುವುದು ಕಷ್ಟ. ಆದ್ದರಿಂದ ಮಾಯಾನಗರಿಯ ನಕ್ಷೆಗೆ ನಮ್ಮ ಬೀದಿಯನ್ನೇ ಇದ್ದದ್ದು ಇದ್ದ ಹಾಗೆ ಇಳಿಸಿಕೊಂಡರು. ಟೈಲರ್ ಅಂಗಡಿ ಮಂತ್ರವಾದಿಯ ಗುಹೆಯಾಯಿತು. ಬೇಕರಿ ರಾಜನ ಆಯುಧಶಾಲೆ. ಮೂಲೆಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿಯವರ ಕಾಂಪೌಂಡು ಕೋಟೆ. ಅದಕ್ಕೆ ಕಲ್ಪನೆ ಹೆಚ್ಚು ಬೇಕಾಗಲಿಲ್ಲ. ಸರ್ಪ ನುಗ್ಗುವ ದಾರಿಗೆ ಕೈ ಅಭ್ಯಾಸದ ಪ್ರಕಾರ ದಪ್ಪ ಕೆಂಪು ಗೆರೆ ಬಿತ್ತು, ಅದು ಪುಡಿ ಮಾಡುವ ಕಟ್ಟಡಗಳ ಮೇಲೆ ಇಂಟು ಮಾರ್ಕಿನಂಥ ಕೆಂಪು ಕತ್ತರಿ ಗುರುತು ಬಿತ್ತು. ಅವರ ಕಚೇರಿಯಲ್ಲಿ ಕೆಂಪು ಗೆರೆ ಎಂದರೆ ಹೊಸ ರಸ್ತೆ, ಕತ್ತರಿ ಎಂದರೆ ಕೆಡವುವ ಕಟ್ಟಡ. ಯಾವ ಗುರುತಿಗೆ ಏನು ಅರ್ಥ ಎಂದು ನಕ್ಷೆಯ ಮೂಲೆಯಲ್ಲಿ ಬರೆಯುವ ವಿವರಣೆ ಒಂದು ಬಾಕಿ ಇತ್ತು. ಅದನ್ನು ಕೊನೆಗೆ ಬರೆದರಾಯಿತು ಎಂದು ಬಿಟ್ಟರು.

ನಕ್ಷೆಯ ಹಾಳೆಗಳನ್ನು ಜೋಡಿಸಿ ಅಂಟಿಸಲು ನಮ್ಮ ಮನೆಯಲ್ಲಿ ಅಷ್ಟುದ್ದದ ಮೇಜಿರಲಿಲ್ಲ. ಬೀದಿಯಲ್ಲಿ ಅಂಥ ಮೇಜು ಇದ್ದದ್ದು ಟೈಲರ್ ಹತ್ತಿರ, ಬಟ್ಟೆ ಕತ್ತರಿಸುವುದಕ್ಕೆ. ರಜೆಯ ದಿನ ಭಾವ ಸುರುಳಿ ಕಂಕುಳಲ್ಲಿಟ್ಟುಕೊಂಡು ಅಲ್ಲಿಗೆ ಹೋಗಿ, ಹಾಳೆ ಹರಡಿ, ಅಂಟು ಹಚ್ಚುತ್ತ ಕೂತರು. ಟೈಲರ್ ಗುಂಡಿ ಹೊಲಿಯುವುದು ಬಿಟ್ಟು ಬಗ್ಗಿ ನೋಡಿದರು. ಬೀದಿ ಗುರುತು ಹತ್ತಿತು, ಬೇಕರಿ ಗುರುತು ಹತ್ತಿತು, ಅದರ ಪಕ್ಕದಲ್ಲಿ ತಮ್ಮ ಅಂಗಡಿಯೂ ಗುರುತು ಹತ್ತಿತು. ಅದರ ಮೇಲೆ ಕತ್ತರಿ ಬಿದ್ದಿತ್ತು.

"ಏನ್ ಸಾರ್ ಇದು?" ಎಂದರು. ಸೂಜಿ ಅವರ ತುಟಿಯಲ್ಲೇ ಇತ್ತು.

ಭಾವ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಈಗಲೇ ಹೇಳೋ ಹಾಗಿಲ್ಲ. ಎಲ್ಲಾ ಮುಗಿದ ಮೇಲೆ ನಿಮಗೇ ಗೊತ್ತಾಗುತ್ತೆ."

ಅಂಟು ಒಣಗುವ ಮೊದಲೇ ಸುದ್ದಿ ಬೇಕರಿ ಮುಟ್ಟಿತ್ತು. ಬೇಕರಿಯಿಂದ ಅದು ಬ್ರೆಡ್ಡಿನ ಜೊತೆ ಮನೆಮನೆಗೂ ಹೋಯಿತು. ಬೀದಿಯ ಮಧ್ಯೆ ಭಾರಿ ರಸ್ತೆ ಬರುತ್ತದೆ, ಅರ್ಧ ಬೀದಿ ನೆಲಸಮವಾಗುತ್ತದೆ, ನಕ್ಷೆ ಆಗಲೇ ತಯಾರು, ಬರೆದವರು ನಮ್ಮವರೇ.

ಮರುದಿನ ಸಂಜೆ ಟೈಲರ್ ನಮ್ಮ ಮನೆಗೆ ಬಂದರು. ಭಾವ ಹೊಲಿಯಲು ಕೊಟ್ಟು ಮರೆತೇ ಬಿಟ್ಟಿದ್ದ ಅಂಗಿ ಅವರ ಕೈಯಲ್ಲಿತ್ತು, ಇಸ್ತ್ರಿಯಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು, "ಸಾರ್, ನಮಗೆಲ್ಲ ಗೊತ್ತಾಗಿದೆ," ಎಂದರು.

ಭಾವ ಅಡುಗೆಮನೆ ಕಡೆ ಉರಿನೋಟ ಬೀರಿದರು. ಅಕ್ಕನೇ ಬಾಯಿ ಬಿಟ್ಟಿದ್ದಾಳೆ ಎಂದು ಅವರ ಲೆಕ್ಕ. ಅವರು ಬಿಟ್ಟಿಲ್ಲ, ನಾನು ಬಿಟ್ಟಿಲ್ಲ, ಹಾಗಾದರೆ ಅಕ್ಕನೇ ಎಂದು ನಾನೂ ತಿಳಿದೆ.

"ಅದು ನಮ್ಮ ಅಂಗಡಿ ಮೇಲೇ ಹೋಗಬೇಕಾ ಸಾರ್? ಸ್ವಲ್ಪ ಪಕ್ಕಕ್ಕೆ ತಿರುಗಿಸೋಕೆ ಆಗಲ್ವಾ?"

ಕಾದಂಬರಿ ಮುಗಿಯುವ ಮೊದಲೇ ಇಷ್ಟೊಂದು ಕಳಕಳಿಯ ಓದುಗ! ಭಾವ ಕರಗಿ ನೀರಾದರು. "ತಿರುಗಿಸಬಹುದು. ಆದ್ರೆ ಆಗ ಬೇಕರಿ ಮೇಲೆ ಹೋಗುತ್ತೆ."

"ಹೋಗಲಿ ಬಿಡಿ ಸಾರ್! ಅವರ ಬನ್ನು ಕಲ್ಲಿನ ಹಾಗಿರುತ್ತೆ."

"ಒಂದು ಮಾತು ಹೇಳ್ತೀನಿ. ಅದು ಬರೋವಾಗ ದಾರೀಲಿ ಇದ್ದದ್ದು ಒಂದೂ ಉಳಿಯಲ್ಲ. ಜನ ಮಕ್ಕಳು ಮರಿ ಕಟ್ಕೊಂಡು ಓಡ್ತಾರೆ. ಆ ಭಾಗ ಬರೀತಾ ನನಗೇ ಕಣ್ಣಲ್ಲಿ ನೀರು ಬಂತು."

"ನೀವು ಒಳ್ಳೇವ್ರು ಸಾರ್," ಎಂದರು ಟೈಲರ್. ಭಾವ ಅವರೆದುರೇ ಬ್ಲೇಡಿನಿಂದ ಕೆಂಪು ಗೆರೆ ಹೆರೆದು, ಪಕ್ಕಕ್ಕೆ ತಿರುಗಿಸಿ ಬರೆದರು.

ಗೆರೆ ತಿರುಗಿದ ಸುದ್ದಿ ತಿಳಿದು ಬೇಕರಿಯವರು ದೊಡ್ಡ ಕೇಕ್ ಹೊತ್ತು ಬಂದರು. ಆಯುಧಶಾಲೆ ಉಳಿದರೆ ಯುದ್ಧದ ಅಧ್ಯಾಯ ಇನ್ನೂ ಚೆನ್ನಾಗಿ ಬರುತ್ತದೆ ಎಂದು ಭಾವನವರಿಗೂ ಅನ್ನಿಸಿ, ಗೆರೆ ಇನ್ನೊಂದು ಕಡೆಗೆ ಹೊರಳಿತು. ಆ ಕಡೆಯವರು ಬಂದರು. ದಿನಾ ಸಂಜೆ ನಮ್ಮ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡು ಬರುತ್ತಿದ್ದರು. ಗೆರೆಯನ್ನು ಪಕ್ಕದವರ ಮೇಲೆ ಹಾಕಿಸಲು ಬಂದವರು ಪಕ್ಕದವರನ್ನು ನೋಡಿ ನಗಲು ಆಗುತ್ತದೆಯೇ? ಟೈಲರ್ ಬೇಕರಿಯಲ್ಲಿ ಬ್ರೆಡ್ ಕೊಳ್ಳುವುದು ಬಿಟ್ಟರು, ಬೇಕರಿಯವರು ಹರಿದ ಪ್ಯಾಂಟನ್ನೇ ಹಾಕಿಕೊಂಡು ಓಡಾಡಿದರು. ಇದೊಂದೂ ಭಾವನವರ ಕಣ್ಣಿಗೆ ಬೀಳಲಿಲ್ಲ. ಬೀದಿಗೆ ಬೀದಿಯೇ ತಮ್ಮ ಕಾದಂಬರಿಯಲ್ಲಿ ಮುಳುಗಿದೆ ಎಂದು ಅವರು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಕೇಕು ತರದೆ ಬಂದವರು ಮುಖ್ಯೋಪಾಧ್ಯಾಯಿನಿಯವರೊಬ್ಬರೇ. ಅವರು ಒಳಗೆ ಬಂದರೆ ನಾವೆಲ್ಲ ತಾನಾಗೇ ಎದ್ದು ನಿಲ್ಲುತ್ತೇವೆ. ಭಾವ ಶಾಲೆಯಲ್ಲಿ ಅವರ ಕೈಯಲ್ಲೇ ಕಲಿತವರು.

"ಯಾವ ಆಧಾರದ ಮೇಲೆ ನಮ್ಮ ಕಾಂಪೌಂಡ್ ತೆಗೆದೆ?"

"ಆಧಾರ ಅಂತೇನಿಲ್ಲ ಮೇಡಂ. ಕಲ್ಪನೆ."

"ಬರೀ ಕಲ್ಪನೆ ಮೇಲೆ ಇನ್ನೊಬ್ಬರ ಗೋಡೆ ಒಡೀತೀರೇನೋ?"

"ನಮ್ಮ ಕೆಲಸವೇ ಅದಲ್ವಾ ಮೇಡಂ," ಎಂದರು ಭಾವ ವಿನಯದಿಂದ.

ಮೇಡಂ ತಿರುಗಿ ಹೊರಟರು. ಮನೆಗೆ ಹೋಗಿ, ಒಂದೂ ತಪ್ಪಿಲ್ಲದ ಅರ್ಜಿ ಬರೆದು, ಬೀದಿಯವರ ಸಹಿ ಹಾಕಿಸಿ, ಭಾವನವರ ಕಚೇರಿಯ ದೊಡ್ಡ ಸಾಹೇಬರಿಗೇ ಕಳಿಸಿದರು.

ದೊಡ್ಡ ಸಾಹೇಬರು ಅರ್ಜಿ ಓದಿ ಬೆವರಿದರು. ತಮ್ಮ ಮೂಗಿನ ಕೆಳಗೆ ಇಷ್ಟು ದೊಡ್ಡ ರಸ್ತೆ ಬರುತ್ತಿದೆ, ತಮಗೇ ಗೊತ್ತಿಲ್ಲ! ಗೊತ್ತಿಲ್ಲ ಎಂದು ಬರೆದರೆ ಕುರ್ಚಿಯ ಮಾನ ಹೋಗುತ್ತದೆ. ಅವರು ಅನುಭವಸ್ಥರು. 'ಯೋಜನೆ ಪರಿಶೀಲನೆಯಲ್ಲಿದೆ' ಎಂದು ಉತ್ತರ ಬರೆದು ಸಹಿ ಹಾಕಿ ಕಳಿಸಿಬಿಟ್ಟರು. ಅಲ್ಲಿಗೆ ಇಲ್ಲದ ರಸ್ತೆ ಸರ್ಕಾರಿ ರಸ್ತೆಯಾಯಿತು. ಆಮೇಲೆ ಭಾವನವರನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿಸಿದರು. ಅಲ್ಲಿ ನಡೆದದ್ದನ್ನು ಭಾವ ನನಗೆ ಹೇಳಿದ್ದು ಹೀಗೆ.

"ನಿಮ್ಮ ಬೀದೀದು... ನಿಮ್ಮ ಕೈಯಲ್ಲೇ ಇದೆಯಂತೆ?"

ಕಚೇರಿಯ ಹಾಳೆಯಲ್ಲಿ, ಕಚೇರಿಯ ಕೆಂಪು ಶಾಯಿಯಲ್ಲಿ ಕಾದಂಬರಿ ಮಾಡಿದ್ದು ಸಿಕ್ಕಿಬಿತ್ತು ಎಂದು ಭಾವ ತಿಳಿದರು. "ಹೌದು ಸಾರ್. ತಪ್ಪಾಯ್ತು ಸಾರ್."

"ಇರಲಿ, ಇರಲಿ. ಎಷ್ಟರ ಮಟ್ಟಿಗೆ ಬಂದಿದೆ?"

"ಮುಕ್ಕಾಲು ಆಗಿದೆ ಸಾರ್. ಕೊನೇನೇ ಸಿಗ್ತಿಲ್ಲ. ಎಲ್ಲಿಗೆ ಹೋಗಿ ಸೇರಬೇಕು ಅನ್ನೋದು ನನಗೇ ಗೊತ್ತಿಲ್ಲ."

"ನಮ್ಮ ಇಲಾಖೆ ಕೆಲಸ ಎಲ್ಲಾ ಹಾಗೇ ಬಿಡ್ರೀ," ಎಂದು ಸಾಹೇಬರು ಸಮಾಧಾನ ಹೇಳಿದರಂತೆ. "ಭಾನುವಾರ ನಾನೇ ಬಂದು ಜಾಗ ನೋಡ್ತೀನಿ."

ಭಾನುವಾರ ಜೀಪು ಬಂತು. ಜೀಪಿನ ಹಿಂದೆ ಬೀದಿಯವರೆಲ್ಲ ಬಂದರು. ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಹೇಬರು ಗಂಭೀರವಾಗಿ ಕನ್ನಡಕ ಏರಿಸಿ, "ನಕ್ಷೆ ತನ್ನಿ," ಎಂದರು. ಭಾವ ತಂದು ಹರಡಿದರು. ಹೆರೆದು ಹೆರೆದು ಹಾಳೆ ಅಲ್ಲಲ್ಲಿ ತೂತಾಗಿತ್ತು. ಬೀದಿಯವರ ಮಾತು ಕೇಳಿ ಕೇಳಿ ಕೆಂಪು ಗೆರೆ ಎಲ್ಲೆಲ್ಲೋ ಸುತ್ತಿ, ಕೊನೆಗೆ ನಮ್ಮ ಮನೆಯ ಮೇಲೆಯೇ ಹತ್ತಿ ನಿಂತಿತ್ತು. ಸಾಹೇಬರು ಬೆರಳಿಟ್ಟು ಅದರ ಜೊತೆ ಸುತ್ತಿ ಸುತ್ತಿ ಸುಸ್ತಾದರು.

"ಏನ್ರೀ ಇದು, ಈ ಕೆಂಪು ಗೆರೆ?"

"ಸರ್ಪ ಸಾರ್."

ಸಾಹೇಬರು ಗೆರೆಯ ಮೇಲಿಂದ ಬೆರಳು ತೆಗೆದರು. "ಯಾವ ಸರ್ಪ?"

"ರೆಕ್ಕೆ ಇರೋದು ಸಾರ್. ನನ್ನ ಕಾದಂಬರೀದು. ಇವರೆಲ್ಲ ಓದದೇನೇ ಎಷ್ಟು ಆಸಕ್ತಿ ತೋರಿಸಿದ್ದಾರೆ ನೋಡಿ."

ಆ ಹೊತ್ತಿನಲ್ಲಿ ಒಬ್ಬೊಬ್ಬರ ಮುಖದ ಮೇಲೆ ಅರ್ಥ ಇಳಿದ ಬಗೆಯನ್ನು ನಾನು ಮರೆಯಲಾರೆ. ಟೈಲರ್ ತಾವು ಇಸ್ತ್ರಿ ಮಾಡಿಕೊಟ್ಟ ಅಂಗಿಯನ್ನು ಭಾವನವರ ಮೈಮೇಲೆ ನೋಡಿದರು. "ಹಾಗಾದ್ರೆ ರಸ್ತೆ ಬರಲ್ವಾ?" ಎಂದರು ಬೇಕರಿಯವರು. ಎಲ್ಲರಿಗಿಂತ ಕೊನೆಗೆ ಅರ್ಥವಾದದ್ದು ಭಾವನವರಿಗೆ. ಅವರ ಕಾದಂಬರಿಗಾಗಿ ಯಾರೂ ಬಂದಿರಲಿಲ್ಲ, ಅವರವರ ಗೋಡೆಗಾಗಿ ಬಂದಿದ್ದರು. ಅವರ ಮುಖ ಬಾಡಿಹೋದದ್ದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

ಆಗ ಮೇಡಂ ಮುಂದೆ ಬಂದರು. "ಹಾರುತ್ತೇನೋ ನಿನ್ನ ಸರ್ಪ?"

"ಹಾರುತ್ತೆ ಮೇಡಂ."

"ಹಾರೋದಾದ್ರೆ ಮೇಲೆ ಹೋಗಲಿ. ಕೆಳಗೆ ಬಂದು ನಮ್ಮ ಮನೆ ಯಾಕೆ ಒಡೀಬೇಕು?"

ಸರ್ಪದ ಹೊಟ್ಟೆಯ ಸುತ್ತಳತೆಯನ್ನೂ ಬರೆದಿಟ್ಟಿದ್ದ ಭಾವ ಈ ಒಂದನ್ನು ಯೋಚಿಸಿಯೇ ಇರಲಿಲ್ಲ.

ಸಾಹೇಬರ ಕಣ್ಣು ಕೆಂಪಗಾಗಿತ್ತು. "ಈಗಲೇ ಕೆಲಸದಿಂದ ಅಮಾನತು ಮಾಡ್ತೀನಿ ನಿಮ್ಮನ್ನ!" ಎಂದು ಗುಡುಗಿದರು. ಗುಡುಗಿದ ಮೇಲೆ ತಾವೇ ಸಹಿ ಹಾಕಿ ಕಳಿಸಿದ ಉತ್ತರ ನೆನಪಾಗಿ ಕುಸಿದು ಕೂತರು. ಅಮಾನತಿಗೆ ಕಾರಣ ಬರೆಯಬೇಕು. ಒಂದು ಸರ್ಪವನ್ನು ತಾವು ಪರಿಶೀಲಿಸುತ್ತಿದ್ದುದಾಗಿ ಯಾವ ಅಧಿಕಾರಿ ತಾನೇ ಬರೆಯುತ್ತಾನೆ? ಕೊನೆಗೆ ಒಂದು ದಾರಿ ಹುಡುಕಿದರು.

"ನೋಡ್ರೀ, ಅರ್ಧ ಇದ್ರೆ ಇದು ಯೋಜನೆ. ಮುಗಿದ್ರೆ ಕಥೆ. ಮುಗಿದ ಕಥೆ ನನ್ನ ಕೈಗೆ ಕೊಡಿ, ಫೈಲಿಗೆ ಹಾಕಿ, ಇದು ಕಥೆ ಅಂತ ಬರೆದು ಮುಚ್ಚಿಬಿಡ್ತೀನಿ. ಬರೋ ಭಾನುವಾರದೊಳಗೆ ಮುಗೀಲಿಲ್ಲ ಅಂದ್ರೆ, ಸುಳ್ಳು ಯೋಜನೆ ಮಾಡಿ ಜನರನ್ನ ಹೆದರಿಸಿದ್ರು ಅಂತ ಬರೀಬೇಕಾಗುತ್ತೆ. ಆಮೇಲೆ ನಿಮ್ಮ ಕೆಲಸದ ಗತಿ ನಿಮಗೇ ಗೊತ್ತು."

ಇಷ್ಟು ದಿನ ಮುಗಿಸಿದರೆ ಮರ್ಯಾದೆ ಎಂದಿದ್ದದ್ದು ಈಗ ಮುಗಿಸದಿದ್ದರೆ ಅನ್ನವಿಲ್ಲ ಎಂಬಲ್ಲಿಗೆ ಬಂತು. ಭಾವ ಮೊದಲ ದಿನ ಬರೆಯಲು ಕೂತರು, ಎದ್ದರು. ಮರುದಿನವೂ ಕೂತರು, ಎದ್ದರು. ಆಮೇಲೆ ಕೂರಲೇ ಇಲ್ಲ. ಒಂದು ಮಧ್ಯಾಹ್ನ ನಾನು ಮಹಡಿಯಿಂದ ನೋಡುತ್ತೇನೆ, ಹಿತ್ತಲಲ್ಲಿ ಹೊಸ ಕುಂಡವೊಂದನ್ನು ಎತ್ತಿ ಎತ್ತಿ ಪರೀಕ್ಷಿಸುತ್ತ ನಿಂತಿದ್ದಾರೆ! ನಾನು ಇಳಿದು ಓಡುವಷ್ಟರಲ್ಲಿ ಅಕ್ಕ ಅಲ್ಲಿದ್ದಳು.

"ಅದೇನದು?"

"ಗುಲಾಬಿ ಹಾಕೋಣ ಅಂತ..."

ಅಕ್ಕ ಕುಂಡ ಕಿತ್ತುಕೊಂಡಳು. "ಆ ಸರ್ಪ ಅಲ್ಲಿ ಬೀದಿ ಮಧ್ಯ ನಿಂತಿದೆ. ಅದನ್ನ ಹಾಗೇ ಬಿಟ್ಟು ಗುಲಾಬಿ ಹಾಕ್ತೀರಾ?"

ಭಾವ ಕಟ್ಟೆಯ ಮೇಲೆ ಕೂತುಬಿಟ್ಟರು. "ಮುಗಿಸಿದ್ರೆ ಅದು ಚೆನ್ನಾಗಿಲ್ಲ ಅಂತ ಗೊತ್ತಾಗಿಬಿಡುತ್ತೆ ಕಣೇ. ಅರ್ಧ ಇರೋವರೆಗೂ ಚೆನ್ನಾಗಿರಬಹುದು ಅನ್ನೋದಾದ್ರೂ ಇರುತ್ತೆ."

ಅಕ್ಕ ಅವರ ಪಕ್ಕ ಕೂತಳು. ಈ ಸಲ ಬೈಯುವ ದನಿ ಇರಲಿಲ್ಲ. "ಚೆನ್ನಾಗಿಲ್ಲದಿದ್ರೂ ಪರವಾಗಿಲ್ಲ. ಪೂರ್ತಿ ಇರಲಿ. ಅರ್ಧದ್ದನ್ನ ಇಟ್ಕೊಂಡು ನಾನು ಎಷ್ಟು ದಿನ ಕಾಯಲಿ ಹೇಳಿ."

ಅವಳೇ ಹಾಳೆಗಳ ಕಟ್ಟು ಎತ್ತಿಕೊಂಡು, ಭಾವನವರ ತೋಳು ಹಿಡಿದು, ಹಗಲು ಹೊತ್ತಿನಲ್ಲೇ ಬೀದಿ ದಾಟಿಸಿ, ಟೈಲರ್ ಅಂಗಡಿಯ ಮೇಜಿನ ಮುಂದೆ ಕೂರಿಸಿದಳು. "ಇವರು ಇಲ್ಲಿ ಬರೀತಾರೆ. ಏಳೋಕೆ ಬಿಡಬೇಡಿ," ಎಂದು ಟೈಲರಿಗೆ ಹೇಳಿ, ತಾನೂ ಸ್ಟೂಲ್ ಹಾಕಿಕೊಂಡು ಬಾಗಿಲಲ್ಲಿ ಕೂತಳು.

ಟೈಲರಿಗೆ ಕೋಪ ಆರಿರಲಿಲ್ಲ. ಆದರೂ ಎಷ್ಟು ಹೊತ್ತು ಸುಮ್ಮನಿರಲು ಸಾಧ್ಯ? ಮೆಷಿನ್ ತುಳಿಯುತ್ತ, "ಎಲ್ಲಿಗೆ ಬಂತು?" ಎಂದರು.

"ಮೇಡಂ ಕೇಳಿದ್ದಕ್ಕೆ ಉತ್ತರ ಇಲ್ಲ. ಹಾರೋದು ಯಾಕೆ ಹಾರಲ್ಲ?"

"ರೆಕ್ಕೆ ಹರಿದಿರಬೇಕು," ಎಂದರು ಟೈಲರ್, ದಾರ ಕಚ್ಚುತ್ತ. ಅವರ ಅಂಗಡಿಗೆ ಬರುವುದೆಲ್ಲ ಹರಿದದ್ದೇ.

ಭಾವ ತಲೆ ಎತ್ತಿದರು. ಬ್ರೆಡ್ ಕೊಡುವ ನೆಪದಲ್ಲಿ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದ ಬೇಕರಿಯವರೂ ತಲೆ ಎತ್ತಿದರು. "ಅಯ್ಯೋ, ಹಾಗಾದ್ರೆ ಪಾಪ ಅದು ನಡ್ಕೊಂಡೇ ಮನೆಗೆ ಹೋಗ್ತಿತ್ತಾ?"

"ನಾವು ನೋಡಿದ್ರೆ ಅದನ್ನ ಆ ಕಡೆ ಈ ಕಡೆ ಓಡಾಡಿಸಿದ್ವಿ," ಎಂದರು ಟೈಲರ್. ಮೆಷಿನ್ ನಿಂತಿತು. "ಸಾರ್, ನಮ್ಮ ಅಂಗಡಿ ಮೇಲೇ ಹೋಗಲಿ ಬಿಡಿ. ಎಷ್ಟು ಅಂತ ಸುತ್ತುತ್ತೆ ಅದು."

"ನಿಮ್ಮ ಅಂಗಡಿ ಎಲ್ಲಿ ಸಾಲುತ್ತೆ ಅದಕ್ಕೆ? ನಮ್ಮ ಮೇಲೆ ಬರಲಿ. ಒಲೆ ಇದೆ, ಬೆಚ್ಚಗಿರುತ್ತೆ."

"ಮೊದಲು ನಾನು ಹೇಳಿದ್ದು!"

"ನಿಮಗೆ ಎಲ್ಲದರಲ್ಲೂ ಮೊದಲು ಬೇಕು!"

ಜಗಳ ಕೇಳಿ ಮೇಡಂ ಬಂದರು. ಎಲ್ಲರೂ ಎದ್ದು ನಿಂತರು, ಭಾವ ಒಬ್ಬರನ್ನು ಬಿಟ್ಟು. ಅಕ್ಕ ಅವರ ಭುಜದ ಮೇಲೆ ಕೈ ಒತ್ತಿ ಹಿಡಿದಿದ್ದಳು. ಮೇಡಂ ವಿಷಯ ಕೇಳಿಕೊಂಡು ನಕ್ಷೆ ಎಳೆದು ನೋಡಿದರು. "ಯಾರ ಮೇಲೂ ಹೋಗೋದು ಬೇಡ. ಎಲ್ಲರೂ ಸ್ವಲ್ಪ ಸ್ವಲ್ಪ ಹಿಂದೆ ಸರೀರಿ, ಮಧ್ಯ ದಾರಿಯಾಗುತ್ತೆ. ನನ್ನ ಕಾಂಪೌಂಡ್ ತೆಗೆದುಹಾಕೋ. ಗಾಯ ಆಗಿರೋದರ ಮುಂದೆ ಗೋಡೆ ಇಟ್ಕೊಂಡು ಏನು ಮಾಡಲಿ?"

ಭಾವ ಬರೆದರು. ಬೀದಿಯವರು ಸರದಿಯ ಮೇಲೆ ಅವರನ್ನು ಕಾದರು. ಟೈಲರ್ ಮೆಷಿನ್ನಿಗೆ ಎಣ್ಣೆ ಬಿಟ್ಟು ಸದ್ದಾಗದಂತೆ ತುಳಿದರು. ಶನಿವಾರ ಮಧ್ಯಾಹ್ನ ಭಾವ ಪೆನ್ನು ಕೆಳಗಿಟ್ಟು, "ಮುಗೀತು," ಎಂದರು. ಆ ಮಾತು ಅವರ ಬಾಯಿಗೇ ಹೊಸದು, ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಹಾಗೆ ಎಲ್ಲರ ಮುಖ ನೋಡಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹಾಳೆಗಳನ್ನು ಜೋಡಿಸಿದಳು.

ಭಾನುವಾರ ಸಾಹೇಬರು ಬಂದು, ಜೀಪಿನಿಂದ ಇಳಿಯದೆ, ಕಿಟಕಿಯಿಂದಲೇ ಕಟ್ಟನ್ನು ತೆಗೆದುಕೊಂಡರು. ಸುಮ್ಮನೆ ಮೊದಲ ಹಾಳೆ ನೋಡಿದರು. ಡ್ರೈವರ್ ಎಂಜಿನ್ ಚಾಲೂ ಮಾಡಿದರೆ "ನಿಲ್ಲಯ್ಯ" ಎಂದರು. ಹಾಳೆ ಮಗುಚಿದರು, ಇನ್ನೊಂದು ಮಗುಚಿದರು. ಅಕ್ಕ ಟೀ ಕಳಿಸಿದಳು, ಅದು ಆರಿಹೋಯಿತು. ಬಿಸಿಲು ಜೀಪಿನ ಈ ಕಡೆಯಿಂದ ಆ ಕಡೆಗೆ ಹೋಯಿತು. ಬೀದಿಯವರೆಲ್ಲ ಅವರವರ ಬಾಗಿಲಲ್ಲಿ ನಿಂತು ಸಾಹೇಬರ ಮುಖವನ್ನೇ ನೋಡುತ್ತಿದ್ದರು. ಭಾವ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು.

ಕೊನೆಗೆ ಜೀಪಿನ ಬಾಗಿಲು ತೆರೆಯಿತು. ಸಾಹೇಬರು ಇಳಿದು ಕನ್ನಡಕ ಒರೆಸಿಕೊಂಡರು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಟೈಲರ್ ಅಂಗಡಿಯ ಮುಂದೆ ಹೋಗಿ ನಿಂತು, ಗೋಡೆಯನ್ನು ಕೈಯಿಂದ ಸವರಿದರು.

"ನಿಮ್ಮ ಗೋಡೆಗೆ ಜಾಸ್ತಿ ಏನೂ ಆಗಲಿಲ್ಲ ತಾನೇ?"

"ಬಾಲ ಸ್ವಲ್ಪ ತಾಗಿಸ್ಕೊಂಡು ಹೋಯ್ತು ಸಾರ್," ಎಂದರು ಟೈಲರ್. "ಪರವಾಗಿಲ್ಲ. ಮನೆ ಮುಟ್ಟಿತಲ್ಲ, ಅಷ್ಟು ಸಾಕು."

ಭಾವ ಕಣ್ಣು ಬಿಟ್ಟರು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.